ಹೆಸರು ತಪ್ಪಿದ ಹಳದಿ ಲಂಟಾನ

ದಕ್ಷಿಣ ಫ್ಲೋರಿಡಾದಲ್ಲಿರುವ ನಮ್ಮ ಮನೆಯ ಅಂಗಳಕ್ಕೆಂದು ಕಳೆದ ವಸಂತದಲ್ಲಿ ನರ್ಸರಿಯೊಂದರಿಂದ ನಾಲ್ಕು ಕುಂಡ ಹಳದಿ ಲಂಟಾನ ತಂದಿದ್ದೆ. ಕುಂಡದ ಚೀಟಿಯ ಮೇಲೆ ‘ಲಂಟಾನ ಡಿಪ್ರೆಸಾ, ಸ್ಥಳೀಯ ಸಸ್ಯ’ ಎಂದಿತ್ತು. ಆ ಒಂದು ಸಾಲಿಗಾಗಿಯೇ ಅದನ್ನು ಆರಿಸಿಕೊಂಡೆ. ಗಿಡವಾಗಿ ಅದರಲ್ಲಿ ಕೊರತೆಯಿಲ್ಲ. ಸುಡುಬಿಸಿಲನ್ನೂ ನೀರಿನ ಅಭಾವವನ್ನೂ ತಾಳಿಕೊಂಡು ತಿಂಗಳುಗಟ್ಟಲೆ ಹೂ ಬಿಟ್ಟಿತು, ಚಿಟ್ಟೆಗಳೂ ಬಂದವು. ಆದರೆ ಅದು ಚೀಟಿಯಲ್ಲಿ ಹೇಳಿದ ಗಿಡವೇ ಅಲ್ಲ.

ಲಂಟಾನವೆಂದರೆ ಕಳೆಯೆಂದಷ್ಟೇ ತಿಳಿದವರಿಗೆ ಈ ವ್ಯತ್ಯಾಸ ಏಕೆ ಮುಖ್ಯವೆಂದು ಹೇಳಬೇಕು. 1905ರಲ್ಲಿ ಸಸ್ಯವಿಜ್ಞಾನಿ ಜಾನ್ ಕಂಕೆಲ್ ಸ್ಮಾಲ್ ಹೆಸರಿಟ್ಟ ಲಂಟಾನ ಡಿಪ್ರೆಸಾ ಫ್ಲೋರಿಡಾದ ಹೊರಗೆ ಎಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಅದರ ಮೂರು ಬಗೆಗಳಲ್ಲಿ ಒಂದು ಮಿಯಾಮಿ ಸುತ್ತಲಿನ ಸುಣ್ಣಕಲ್ಲಿನ ನೆಲದ ಪೈನ್ ಕಾಡಿಗೆ, ಇನ್ನೊಂದು ಅಟ್ಲಾಂಟಿಕ್ ತೀರದ ಮರಳುದಿಬ್ಬಗಳಿಗೆ, ಮತ್ತೊಂದು ಗಲ್ಫ್ ತೀರಕ್ಕೆ ಸೇರಿದ್ದು. ಕಟ್ಟಡಗಳಿಗಾಗಿ ಈ ನೆಲೆಗಳು ಕುಗ್ಗಿದ ಮೇಲೆ, ಉಳಿದಿರುವ ಗಿಡಗಳನ್ನು ತೋಟದ ಲಂಟಾನದ ಪರಾಗ ಕಾಡುತ್ತಿದೆ. ಚಿಟ್ಟೆಗಳು ಅದನ್ನು ಅಂಗಳದಿಂದ ದಿಬ್ಬಕ್ಕೆ ಒಯ್ಯುತ್ತವೆ, ಬೆರಕೆಯಾದ ಬೀಜವನ್ನು ಹಕ್ಕಿಗಳು ಹರಡುತ್ತವೆ, ಹೀಗೆ ಪೊದೆಗಳು ಕಣ್ಣಿಗೆ ಹುಲುಸಾಗಿಯೇ ಕಂಡರೂ ಅವುಗಳ ನಡುವೆ ಶುದ್ಧ ತಳಿ ಸಿಗುವುದು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತದೆ.

ಗುರುತು ಹಿಡಿಯಲು ಎಲೆಯನ್ನು ನೋಡಬೇಕು. ಸ್ಥಳೀಯ ಗಿಡದ ಎಲೆ ತೊಟ್ಟಿನತ್ತ ಕಿರಿದಾಗುತ್ತ ಬರುತ್ತದೆ. ತೋಟದ ಲಂಟಾನದ ಎಲೆ ಬುಡದಲ್ಲಿಯೇ ಅಗಲವಾಗಿರುತ್ತದೆ. ನನ್ನ ನಾಲ್ಕೂ ಗಿಡಗಳು ಎರಡನೆಯ ಗುಂಪಿನವು. ‘ಗೋಲ್ಡ್ ಮೌಂಡ್’ ಎಂಬ ಹಳದಿ ತೋಟದ ತಳಿ ಡಿಪ್ರೆಸಾ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೊಸದೇನಲ್ಲ. ವಿಚಾರಿಸಿದಾಗ, ಇದು ಕಾಯಿ ಬಿಡುವುದು ಬಹಳ ಕಡಿಮೆ, ಚಿಂತೆ ಬೇಡ ಎಂದು ಅಂಗಡಿಯವರು ಹೇಳಿದರು. ಈ ಉತ್ತರ ನನಗೆ ತೀರ ಬೇಸರ ತಂದಿತು, ಏಕೆಂದರೆ ತಾನು ಕಾಯಿ ಕಟ್ಟದ ಗಿಡದ ಪರಾಗವೂ ಸಜೀವವಾಗಿದ್ದರೆ ದಿಬ್ಬದ ಮೇಲಿನ ಗಿಡದಲ್ಲಿ ಬೆರಕೆ ಬೀಜ ಕಟ್ಟಿಸಬಲ್ಲದು.

ನಾಲ್ಕನ್ನೂ ಬೇರುಸಹಿತ ಕಿತ್ತು, ಆ ಜಾಗದಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಬ್ಲೂಮಿಫೈ ರೆಡ್’ ತಳಿಯನ್ನು ನೆಟ್ಟಿದ್ದೇನೆ. ಬೀಜದ ಕಡೆಯಿಂದಲೂ ಪರಾಗದ ಕಡೆಯಿಂದಲೂ ಅದು ಬಹುಮಟ್ಟಿಗೆ ಬಂಜೆಯೆಂದು ಪರೀಕ್ಷಿಸಲಾಗಿದೆ. ಹಳದಿಯೇ ಬೇಕೆನ್ನುವವರು ಸ್ಥಳೀಯ ಸಸ್ಯಗಳನ್ನಷ್ಟೇ ಬೆಳೆಸುವ ನರ್ಸರಿಗೆ ಹೋಗಿ, ಗಿಡದ ಮೂಲವನ್ನು ಕೇಳಿ, ಎಲೆಯ ಬುಡವನ್ನು ನೋಡಿ ಕೊಳ್ಳುವುದು ಒಳಿತು. ನಾನು ಕೊಂಡ ಕುಂಡವನ್ನಂತೂ ಕಡಲತೀರದ ಅಥವಾ ಪೈನ್ ಕಾಡಿನ ಬಳಿ ವಾಸಿಸುವ ಯಾರೂ ಕೊಳ್ಳಬಾರದು.