ಓಝೋನ್ ಮೆಷಿನು ತರುವ ಮೊದಲು ನಮ್ಮ ಕಥೆ ಓದಿ

ನಮ್ಮದು ಪೆರ್ಲದ ಹತ್ತಿರ. ಮುರಕಲ್ಲು ಕಡಿದು ತೆಗೆದ ಬಾವಿ, ಅಜ್ಜನ ಕಾಲದ್ದು. ಹೋದ ಮಳೆಗಾಲದಲ್ಲಿ ಮಗನಿಗೆ ಎರಡು ಸಲ ವಾಂತಿಭೇದಿ ಆಯಿತು ಅಂತ ನೀರು ಪರೀಕ್ಷೆಗೆ ಕೊಟ್ಟೆವು. ಕೋಲಿಫಾರ್ಮ್, ಅಂದರೆ ನೀರಿಗೆ ಕೊಳಕು ಸೇರಿರಬಹುದು ಅಂತ ತೋರಿಸುವ ಬ್ಯಾಕ್ಟೀರಿಯಾ, ಇದೆ ಅಂತ ರಿಪೋರ್ಟು ಬಂತು. ಆ ಹೆದರಿಕೆಯಲ್ಲಿ ಇರುವಾಗಲೇ ಓಝೋನ್ ಅನ್ನುವ ಗ್ಯಾಸನ್ನು ನೀರಿಗೆ ಬಿಟ್ಟು ಶುದ್ಧ ಮಾಡುವ ಮೆಷಿನು ಮಾರುವವ ಬಂದ. 18,500 ರೂಪಾಯಿ ಹೋಯಿತು. ಅದು ಹೋಗಲಿ, ಅಮ್ಮನಿಗೆ ಆದದ್ದೇ ಈಗಲೂ ಬೇಜಾರು.

ಬಂದವ ಒಳ್ಳೇ ಮಾತುಗಾರ. ಒಂದು ಗ್ಲಾಸು ನೀರಿಗೆ ಮಗನ ಪೆನ್ನಿನ ನೀಲಿ ಶಾಯಿ ಎರಡು ಹನಿ ಬಿಟ್ಟ, ಮೆಷಿನಿನ ಪೈಪು ಅದ್ದಿದ, ಗುಳುಗುಳು ಅಂತ ಗುಳ್ಳೆ ಬಂದು ನೋಡನೋಡುತ್ತಾ ನೀರು ತಿಳಿಯಾಯಿತು. ಫ್ರಾನ್ಸಿನ ನೀಸ್ ಪಟ್ಟಣದಲ್ಲಿ 1906ರಲ್ಲೇ ಕುಡಿಯುವ ನೀರಿಗೆ ಓಝೋನ್ ಬಿಡಲು ಶುರು ಮಾಡಿದ್ದಾರೆ ಅಂತ ಬೇರೆ ಹೇಳಿದ. ಎರಡೂ ಸುಳ್ಳಲ್ಲ, ನಾವು ಬಿದ್ದದ್ದು ಅದಕ್ಕೇ. ಓಝೋನ್ ನಿಜವಾಗಿ ರೋಗಾಣು ಕೊಲ್ಲುತ್ತದೆ. ಆದರೆ ಅವ ತೋರಿಸಿದ್ದು ಒಂದು ಗ್ಲಾಸಿನಲ್ಲಿ, ನಮ್ಮ ಟ್ಯಾಂಕಿ 1000 ಲೀಟರಿನದ್ದು ಅಲ್ವಾ?

ಲೆಕ್ಕ ನಾನು ಆಮೇಲೆ ಹಾಕಿದೆ. ಮೆಷಿನಿನ ಹಿಂದೆ ಚೀಟಿಯಲ್ಲಿ ಗಂಟೆಗೆ 400 ಮಿಲಿಗ್ರಾಂ ಅಂತ ಇತ್ತು. ದಿನಕ್ಕೆ ಅರ್ಧ ಗಂಟೆ ಓಡಿಸಿ ಸಾಕು ಅಂದಿದ್ದ. ಅಂದರೆ 200 ಮಿಲಿಗ್ರಾಂ, ಅಷ್ಟೂ ಕರಗಿದರೂ ಲೀಟರಿಗೆ 0.2. ಬಾಟ್ಲಿ ನೀರು ಮಾಡುವವರು ಸಾಮಾನ್ಯವಾಗಿ ಲೀಟರಿಗೆ 1ರಿಂದ 2 ಮಿಲಿಗ್ರಾಂ ಬಿಡುತ್ತಾರೆ. ನಮ್ಮ ಕಡೆಯ ನೀರಿನಲ್ಲಿ ಕಬ್ಬಿಣ ಬೇರೆ ಇರುತ್ತದೆ, ಓಝೋನ್ ಮೊದಲು ಅದನ್ನು ಹಿಡಿದು ತುಕ್ಕು ಮಾಡುತ್ತದೆ, ಉಳಿದರೆ ರೋಗಾಣುವಿಗೆ. ಮೊದಲ ವಾರವೇ ಅಪ್ಪನ ಬಿಳಿ ಮುಂಡು ಚಹಾದಲ್ಲಿ ಅದ್ದಿದ ಹಾಗೆ ಆಯಿತು. ಕೊಳೆ ಹೋಗುತ್ತಿದೆ ಅಂತ ನಾವು ಖುಷಿ ಪಟ್ಟದ್ದು! ಓಝೋನ್ ಬಿಟ್ಟ ಮೇಲೆ ಆ ತುಕ್ಕು ಸೋಸಲು ಫಿಲ್ಟರ್ ಬೇಕು ಅಂತ ಯಾರೂ ಹೇಳಲಿಲ್ಲ.

ಇನ್ನು ವಾಸನೆ. ಟ್ಯಾಂಕಿ ಇರುವುದು ಬಚ್ಚಲಿನ ಸ್ಲ್ಯಾಬಿನ ಮೇಲೆ, ಮಾಡಿನ ಅಡಿಯಲ್ಲಿ. ಪಕ್ಕದ ಕೋಣೆ ಅಮ್ಮನದ್ದು. ಎರಡು ತಿಂಗಳು ಕಳೆದಿರಬೇಕು, ಒಂದು ದಿನ ಬೆಳಿಗ್ಗೆ ಅಮ್ಮ, "ಎಂತ ವಾಸನೆ ಮಗಾ ಇದು, ಸಿಡಿಲು ಹೊಡೆದ ಹಾಂಗೆ" ಅಂದರು. ಜೆರಾಕ್ಸ್ ಅಂಗಡಿಯಲ್ಲಿ ಬರುತ್ತದಲ್ಲ, ಅದೇ ವಾಸನೆ, ಜೋರಾಗಿ. ಅವನಿಗೆ ಫೋನ್ ಮಾಡಿದರೆ "ಸಾರ್, ವಾಸನೆ ಬಂದರೆ ಮೆಷಿನು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಅರ್ಥ" ಅಂದ. ನಂಬಿದೆ. ಮೂರನೇ ದಿನ ಅಮ್ಮನಿಗೆ ಕೆಮ್ಮು, ಎದೆ ಬಿಗಿತ. ಮೊದಲೇ ಉಬ್ಬಸದವರು. ಡಾಕ್ಟರು ಮೊದಲು ಕೇಳಿದ್ದೇ ಮನೆಯಲ್ಲಿ ಹೊಸತಾಗಿ ಎಂತ ತಂದಿರಿ ಅಂತ.

ಮನೆಗೆ ಬಂದವನೇ ಸ್ವಿಚ್ಚು ತೆಗೆದು ಸ್ಲ್ಯಾಬು ಹತ್ತಿದೆ. ಪೈಪನ್ನು ಮೆಷಿನಿಗೆ ಸಿಕ್ಕಿಸಿದ ಕಡೆ ಒಂದು ತುಂಡು ರಬ್ಬರು. ಬೆರಳಿನಿಂದ ಬಗ್ಗಿಸಿದರೆ ಅಡ್ಡಡ್ಡ ಸೀಳು, ಬೇಸಗೆಯ ಗದ್ದೆಯ ಹಾಗೆ. ಎಳೆದು ಬಿಗಿಯಾಗಿ ಸಿಕ್ಕಿಸಿದ ರಬ್ಬರನ್ನು ಓಝೋನ್ ತಿನ್ನುತ್ತದಂತೆ, ಎರಡೆಕರೆ ರಬ್ಬರು ತೋಟ ಇರುವ ನನಗೇ ಗೊತ್ತಿರಲಿಲ್ಲ. ಅಲ್ಲಿಂದ ಸೋರಿದ ಗ್ಯಾಸು ಗಾಳಿಗಿಂತ ಭಾರ, ಕೆಳಗೆ ಅಮ್ಮನ ಕೋಣೆಗೇ ಇಳಿಯುತ್ತಿತ್ತು. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಇಟ್ಟಿರುವ ಮಿತಿ ಗಾಳಿಯ 1 ಕೋಟಿ ಪಾಲಿನಲ್ಲಿ 1 ಪಾಲು. ಅಷ್ಟು ಕಡಿಮೆ.

ಪೆಟ್ಟಿಗೆಯನ್ನೂ ಬಿಚ್ಚಿದೆ. ಒಳಗೆಲ್ಲ ಪಸೆ, ಸ್ಕ್ರೂಗಳೆಲ್ಲ ಹಸಿರು ಹಿಡಿದಿದ್ದವು. ಈ ಮೆಷಿನಿಗೆ ಒಣ ಗಾಳಿಯೋ ಆಮ್ಲಜನಕವೋ ಬೇಕು. ತೇವದ ಗಾಳಿ ಎಳೆದುಕೊಂಡರೆ ಓಝೋನ್ ಕಡಿಮೆ ಹುಟ್ಟುತ್ತದೆ, ನೈಟ್ರಿಕ್ ಆಸಿಡ್ ಬೇರೆ ಆಗುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮಲ್ಲಿ ಒಣ ಗಾಳಿ ಎಲ್ಲಿಂದ ತರುವುದು, ಉಪ್ಪಿನ ಭರಣಿಯೇ ನೀರಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಅಡುಗೆಮನೆಯ ನಳ್ಳಿ ನೀರು ಮತ್ತೆ ಪರೀಕ್ಷೆಗೆ ಕೊಟ್ಟರೆ ಕೋಲಿಫಾರ್ಮ್ ಹಾಗೇ ಇದೆ. ಮೆಷಿನು ಸರಿ ಇದ್ದಿದ್ದರೂ, ಓಝೋನ್ ನೀರಿನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಪೈಪಿನಲ್ಲಿ ಮತ್ತೆ ರೋಗಾಣು ಸೇರಿದರೆ ಕಾಯುವವರಿಲ್ಲ. ಬ್ಲೀಚಿಂಗ್ ಪೌಡರಿನಿಂದ ಬರುವ ಕ್ಲೋರಿನ್ ಆದರೆ ಸ್ವಲ್ಪ ಉಳಿಯುತ್ತದೆ.

ಅಸಲು ಸಮಸ್ಯೆ ಹಿಡಿದದ್ದು ಬಾವಿ ನೋಡಲು ಬಂದ ಮೇಸ್ತ್ರಿ. ಕಟ್ಟೆಯ ಬುಡದಲ್ಲಿ ಬಿರುಕು, ದನದ ಹಟ್ಟಿ ಕಡೆಯ ಮಳೆನೀರು ಸೀದಾ ಒಳಗೆ. ಒಂದು ದಿನದ ಕೂಲಿ, ಒಂದು ಮೂಟೆ ಸಿಮೆಂಟು. ಆಮೇಲೆ ಬಾವಿಯ ನೀರಿನ 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೇ ಬ್ಲೀಚಿಂಗ್ ಪೌಡರು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಬಿಟ್ಟು, ಒಂದು ಗಂಟೆ ನೀರು ಮುಟ್ಟಲಿಲ್ಲ. ಕುಡಿಯಲು ಕುದಿಸಿದ ನೀರೇ. ಮುಂದಿನ ರಿಪೋರ್ಟು ಸರಿ ಬಂತು. ಅಮ್ಮನ ಕೆಮ್ಮು ಹೋಗಲು ಒಂದು ತಿಂಗಳು ಹಿಡಿಯಿತು.

ಅವ ಈಗ ಬದಿಯಡ್ಕ ಕಡೆ ತಿರುಗುತ್ತಿದ್ದಾನಂತೆ, ತರಕಾರಿ ತೊಳೆಯುವ ಮೆಷಿನು ಅಂತ ಹೇಳಿಕೊಂಡು. ಬಂದರೆ ಶಾಯಿಯ ಆಟ ನೋಡುತ್ತಾ ಕೂರಬೇಡಿ. ಗಂಟೆಗೆ ಎಷ್ಟು ಮಿಲಿಗ್ರಾಂ, ಗಾಳಿ ಒಣಗಿಸುವುದು ಎಲ್ಲಿ, ನೀರಿಗೆ ಸೇರದೆ ಉಳಿದ ಗ್ಯಾಸು ಎಲ್ಲಿಗೆ ಹೋಗುತ್ತದೆ, ಈ ಮೂರು ಕೇಳಿ. ನಾನು ಫೋನಿನಲ್ಲಿ ಮೂರನೆಯದ್ದು ಕೇಳಿದಾಗ ಅವ ಕಟ್ ಮಾಡಿದ.