ಮಕ್ಕಳ ಜತೆ ದೋಣಿಯಲ್ಲಿ ಒಂದು ರಾತ್ರಿ: ಆಲಪ್ಪುಳವೋ, ನೀಲೇಶ್ವರವೋ?

ಕಳೆದ ವರ್ಷದ ಎಪ್ರಿಲಿನಲ್ಲಿ ಕೇರಳದ ಆಲಪ್ಪುಳದ ಹೌಸ್‌ಬೋಟಿನಲ್ಲಿ ಒಂದು ರಾತ್ರಿ ಕಳೆದು ಬಂದ ಮೇಲೆ, ಇನ್ನು ದೋಣಿಯ ಸುದ್ದಿಯನ್ನು ನನ್ನೆದುರು ಎತ್ತಬೇಡಿ ಎಂದು ಮನೆಯವರಿಗೆ ಹೇಳಿದವಳು ನಾನು. ಅದೇ ವರ್ಷ ಡಿಸೆಂಬರಿನ ರಜೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟ್ಟಪ್ಪುರದಿಂದ ವಲಿಯಪರಂಬದ ಹಿನ್ನೀರಿಗೆ ಹೊರಟ ದೋಣಿಯನ್ನು ಹತ್ತಿ, ಇಳಿಯುವಾಗ ಮುಂದಿನ ರಜೆಗೆ ದಿನ ಕೇಳಿ ಬಂದವಳೂ ನಾನೇ. ಆದ್ದರಿಂದ ಈ ಹೋಲಿಕೆಯಲ್ಲಿ ಪಕ್ಷಪಾತವಿಲ್ಲವೆಂದು ಯಾರೂ ತಿಳಿಯಬಾರದು. ನಾವು ಐದು ಮಂದಿ: ನಾನು, ನನ್ನ ಯಜಮಾನರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ. ಬದಿಯಡ್ಕದ ಹತ್ತಿರ ಮನೆ, ಸ್ವಲ್ಪ ಅಡಿಕೆ ತೋಟ, ನನ್ನ ಶಾಲೆಯ ಸಂಬಳ. ಮನೆಯಲ್ಲಿ ಮೀನು ಮೊಟ್ಟೆಗಳಿಲ್ಲ, ರಾತ್ರಿ ಒಂಬತ್ತಕ್ಕೆ ದೀಪ ಆರುತ್ತದೆ. ಮುಂಬೈಯಿಂದ ಹೊರಡುವ ದೊಡ್ಡ ಹಡಗಿನ ಮಾತೂ ಒಮ್ಮೆ ಬಂದಿತ್ತು. ಐದು ಜನರ ಟಿಕೇಟಿನ ಲೆಕ್ಕ ಹಾಕಿದ ಕೂಡಲೇ ಅದು ಮುಗಿಯಿತು, ಮಡಿಕೇರಿಯ ಬಸ್ಸಿನಲ್ಲೇ ವಾಂತಿ ಮಾಡುವ ಮಗನನ್ನು ಸಮುದ್ರದ ನಡುವೆ ಮೂರು ದಿನ ಇಟ್ಟುಕೊಳ್ಳುವ ಧೈರ್ಯವೂ ನನಗಿರಲಿಲ್ಲ.

ಆಲಪ್ಪುಳವನ್ನು ಆರಿಸಿದ್ದಕ್ಕೆ ಅದರ ಹೆಸರೇ ಕಾರಣ. ವೇಂಬನಾಡು ಕಾಯಲಿನ (ಹಿನ್ನೀರಿನ) ವಿಸ್ತಾರ, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಬೇಸಾಯ ಮಾಡುವ ಕುಟ್ಟನಾಡಿನ ಗದ್ದೆಗಳು, ನೆಹರೂ ಟ್ರೋಫಿ ದೋಣಿ ಸ್ಪರ್ಧೆ ನಡೆಯುವ ಪುನ್ನಮಡ, ಇವೆಲ್ಲವನ್ನೂ ಮಗಳು ಪಾಠಪುಸ್ತಕದಲ್ಲಿ ಓದಿದ್ದಳು. ಅಲ್ಲಿ ಸಾವಿರಕ್ಕೂ ಹೆಚ್ಚು ಹೌಸ್‌ಬೋಟುಗಳಿರುವುದರಿಂದ ಒಳ್ಳೆಯದೊಂದು ಸಿಕ್ಕೀತೆಂಬ ನಂಬಿಕೆಯೂ ನಮಗಿತ್ತು. ಸಿಕ್ಕ ದೋಣಿಯ ಕಟ್ಟಡದಲ್ಲಿ ನಿಜಕ್ಕೂ ಕೊರತೆಯಿರಲಿಲ್ಲ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುವ ಹಳೆಯ ಕೆಟ್ಟುವಳ್ಳ ಅದು. ಹಿಂದೆ ಭತ್ತ ಸಾಗಿಸುತ್ತಿದ್ದ ಜಾತಿಯದು. ಅತ್ತೆ ಹಲಗೆಯನ್ನು ಉಗುರಿನಿಂದ ಗೀರಿ ನೋಡಿ ಹೆಬ್ಬಲಸು ಎಂದು ಗುರುತಿಸಿದರು. ಅದಕ್ಕೆ ಬಳಿದ ಕಪ್ಪು ಎಣ್ಣೆ ಗೇರುಬೀಜದ ಸಿಪ್ಪೆಯದೆಂದು ಕೆಲಸದವರು ಹೇಳಿದಾಗ, ನಮ್ಮ ಗುಡ್ಡದ ಗೇರುಬೀಜಕ್ಕೆ ಇಂಥದ್ದೊಂದು ಉಪಯೋಗವೂ ಉಂಟೇ ಎಂದು ಸ್ವಲ್ಪ ಹೊತ್ತು ಖುಷಿಯಾಗಿ ಕುಳಿತಿದ್ದರು.

ನಮ್ಮ ತೊಂದರೆ ಬೇರೆ ಕಡೆಯಿಂದ ಬಂತು. ಹೌಸ್‌ಬೋಟಿನ ಬಾಡಿಗೆಯನ್ನು ಮಧ್ಯಾಹ್ನ ಹನ್ನೆರಡರಿಂದ ಮರುದಿನ ಬೆಳಗ್ಗೆ ಒಂಬತ್ತರವರೆಗೆ ಎಂದು ಲೆಕ್ಕ ಹಾಕುತ್ತಾರೆ. ಇಪ್ಪತ್ತೊಂದು ಗಂಟೆ ಎಂದು ಓದಿದ ನಾವು ಇಪ್ಪತ್ತೊಂದು ಗಂಟೆಯ ಪ್ರಯಾಣವೆಂದೇ ತಿಳಿದೆವು. ಕಾಸರಗೋಡಿನಲ್ಲಿ ಬೆಳಗ್ಗೆ ಆಲಪ್ಪುಳ ಮಾರ್ಗದ ವಂದೇ ಭಾರತ್ ಹತ್ತಿದರೆ ಅಲ್ಲಿ ಇಳಿಯುವಾಗಲೇ ಹನ್ನೆರಡು ದಾಟಿರುತ್ತದೆ. ಆಟೋ ಹಿಡಿದು ಜೆಟ್ಟಿಗೆ ಮುಟ್ಟಿ, ಸಾಮಾನು ಏರಿಸಿ ದೋಣಿ ಹೊರಟಾಗ ಒಂದೂಕಾಲು. ಮುಕ್ಕಾಲು ಗಂಟೆ ಸಾಗಿದ ಮೇಲೆ ಊಟಕ್ಕೆಂದು ದಡಕ್ಕೆ ಕಟ್ಟಿದರು. ಮೂರಕ್ಕೆ ಮತ್ತೆ ಹೊರಟು ಐದೂ ಇಪ್ಪತ್ತಕ್ಕೆ ಒಂದು ತೋಡಿನ ಬದಿಯಲ್ಲಿ ಹಗ್ಗ ಬಿಗಿದಾಗ, ಚಹಾಕ್ಕಾಗಿ ನಿಲ್ಲಿಸಿದ್ದಾರೆಂದೇ ನಾನು ಭಾವಿಸಿದ್ದೆ. ಅರ್ಧ ಗಂಟೆಯ ನಂತರ ಮಗ ಹೋಗಿ ಕೇಳಿದ್ದಕ್ಕೆ ಚಾಲಕರು ನನ್ನತ್ತ ತಿರುಗಿ, "ಇನಿ ಪೋವಿಲ್ಲ ಚೇಚೀ, ವಲ ಇಡುನ್ನ ನೇರಮಾಯಿ" ಎಂದರು: ಇನ್ನು ಹೋಗುವುದಿಲ್ಲ ಅಕ್ಕಾ, ಬಲೆ ಹಾಕುವ ಹೊತ್ತಾಯಿತು. ಸಂಜೆಯಾದ ಮೇಲೆ ಮೀನುಗಾರರು ಬಲೆ ಹಾಕುತ್ತಾರೆ, ಆ ಹೊತ್ತಿನಲ್ಲಿ ದೊಡ್ಡ ದೋಣಿಗಳು ಓಡುವಂತಿಲ್ಲ. ಇದು ನ್ಯಾಯವಾದ ನಿಯಮ, ಅದರ ಬಗ್ಗೆ ನನ್ನ ತಕರಾರು ಇಲ್ಲ. ಬುಕಿಂಗ್ ಮಾಡಿಕೊಟ್ಟವರು ಇದನ್ನು ಹೇಳಲಿಲ್ಲವೆಂಬುದು, ನಾವೂ ಕೇಳಲಿಲ್ಲವೆಂಬುದು ತಕರಾರು. ಬೆಳಗ್ಗಿನ ಒಂದು ಗಂಟೆಯನ್ನು ಸೇರಿಸಿದರೂ ದೋಣಿ ಚಲಿಸಿದ್ದು ನಾಲ್ಕು ಗಂಟೆಗೆ ಸ್ವಲ್ಪ ಹೆಚ್ಚು. ಉಳಿದ ಹೊತ್ತೆಲ್ಲ ನೀರಿನ ಮೇಲೆ ಕಟ್ಟಿಹಾಕಿದ ಎರಡು ಕೋಣೆಗಳ ಬಾಡಿಗೆ.

ದೊಡ್ಡವರಾದರೆ ಆ ಹೊತ್ತನ್ನು ಹೇಗೋ ಕಳೆದಾರು. ನಮ್ಮ ದೋಣಿಯ ಎಡಕ್ಕೂ ಬಲಕ್ಕೂ ಬೇರೆ ದೋಣಿಗಳು ಮೈತಾಗಿಸಿ ನಿಂತಿದ್ದವು. ಮಗಳು ಎಣಿಸಿದಂತೆ ಒಟ್ಟು ಹದಿನಾಲ್ಕು. ದಡದಲ್ಲಿ ಒಬ್ಬರೇ ನಡೆಯುವಷ್ಟು ಅಗಲದ ಕಟ್ಟ, ಅದರಾಚೆ ಯಾರದೋ ಮನೆಯ ಅಂಗಳ, ಈಚೆ ಅಂತರಗಂಗೆ ತುಂಬಿದ ನೀರು. ಉಪ್ಪುನೀರು ಒಳಗೆ ಬಾರದಂತೆ ಬೇಸಗೆಯಲ್ಲಿ ತಣ್ಣೀರ್ಮುಕ್ಕಂ ಕಟ್ಟೆಯ ಬಾಗಿಲುಗಳನ್ನು ಮುಚ್ಚುವುದರಿಂದ ನೀರಿನ ಓಡಾಟ ಕಡಿಮೆಯಾಗಿ ಈ ಗಿಡ ಹಬ್ಬುತ್ತದೆಯಂತೆ. ಗದ್ದೆಗೆ ಕಟ್ಟೆ ಬೇಕು, ಆದರೆ ಐದು ವರ್ಷದ ಹುಡುಗನಿಗೆ ಕಾಲಿಡಲು ಅಲ್ಲಿ ಒಂದಿಷ್ಟೂ ಜಾಗವಿರಲಿಲ್ಲ. ಏಸಿ ಹಾಕುವುದು ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ. ಎಪ್ರಿಲಿನ ಸೆಕೆಯಲ್ಲಿ ಸಂಜೆ ಐದೂವರೆಯಿಂದ ಒಂಬತ್ತರವರೆಗಿನ ಆ ಮೂರೂವರೆ ಗಂಟೆಯನ್ನು ನಾನು ಮರೆಯಲಾರೆ. ಮಗ ಬೆವರಿ, ಅತ್ತು, ಕೈಸಾಲೆಯ ಬೆತ್ತದ ಕುರ್ಚಿಯಲ್ಲಿ ಊಟವಿಲ್ಲದೆ ನಿದ್ದೆಹೋದ. ಅತ್ತೆ ಬೀಸಣಿಗೆಯಂತೆ ಹಿಡಿದುಕೊಂಡದ್ದು ನಮ್ಮದೇ ಬುಕಿಂಗಿನ ಮುದ್ರಿತ ಕಾಗದವನ್ನು. ಪಕ್ಕದ ದೋಣಿಯ ಹುಡುಗರು ಹನ್ನೊಂದು ಗಂಟೆಯ ಮೇಲೂ ಧ್ವನಿಪೆಟ್ಟಿಗೆ ಹಚ್ಚಿ ಕುಣಿದರು, ಆಚೆಯ ದೋಣಿಯ ಜನರೇಟರಿನ ಹೊಗೆ ನೇರವಾಗಿ ನಮ್ಮ ಕಿಟಕಿಗೆ ಬಂತು.

ನೀಲೇಶ್ವರದ ದೋಣಿಯೂ ಸಂಜೆ ನಿಂತಿತು. ಅದನ್ನು ಈ ಸಲ ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆ. ಕೇಳಿದ ಎರಡನೆಯ ಪ್ರಶ್ನೆಯೇ, ನಿಂತ ಮೇಲೆ ಮಕ್ಕಳು ಎಲ್ಲಿ ಇಳಿಯಬಹುದು ಎಂಬುದು. ವಲಿಯಪರಂಬವೆಂದರೆ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಕವ್ವಾಯಿ ಕಾಯಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ತೆಂಗಿನ ಮರಗಳು, ಮನೆಗಳು, ಶಾಲೆ, ಮಸೀದಿ, ಕಾವು (ದೇವರ ಬನ) ಎಲ್ಲವೂ ಆ ಪಟ್ಟಿಯ ಮೇಲೆಯೇ. ದೋಣಿಯನ್ನು ಕಟ್ಟಿದ ಕಡೆಯಿಂದ ತೆಂಗಿನ ತೋಪಿನ ನಡುವೆ ಐದು ನಿಮಿಷ ನಡೆದರೆ ಸಮುದ್ರ. ಐದೂವರೆಗೆ ಇಳಿದ ಮಕ್ಕಳು ಏಳು ಗಂಟೆಯವರೆಗೆ ಮರಳಿನಲ್ಲಿ ಹೊರಳಾಡಿ, ಏಡಿಯ ತೂತುಗಳನ್ನು ಅಗೆದು, ಮೈತುಂಬ ಮರಳು ಹೊತ್ತು ಬಂದರು. ಊಟಕ್ಕೆ ಕುಳಿತಲ್ಲೇ ತೂಕಡಿಕೆ. ನಾವಿದ್ದ ಕಡೆ ಇನ್ನೊಂದೇ ಒಂದು ದೋಣಿಯಿತ್ತು, ಅದೂ ಕೂಗಿದರೆ ಕೇಳದಷ್ಟು ದೂರದಲ್ಲಿ. ರಾತ್ರಿ ಸಮುದ್ರದ ಮೊರೆತ ಒಂದು ಕಿವಿಗೆ, ದೋಣಿಯ ತಳಕ್ಕೆ ನೀರು ತಟ್ಟುವ ಸದ್ದು ಇನ್ನೊಂದು ಕಿವಿಗೆ. ಒಂದು ತಿಂಗಳು ಎಪ್ರಿಲ್, ಇನ್ನೊಂದು ಡಿಸೆಂಬರ್ ಎಂಬ ವ್ಯತ್ಯಾಸವನ್ನು ಮರೆಮಾಚಿದರೆ ಆಲಪ್ಪುಳಕ್ಕೆ ಅನ್ಯಾಯವಾದೀತು. ಆದರೆ ಚಳಿಗಾಲದಲ್ಲಿ ಹೋಗಿದ್ದರೂ ಆ ಕಟ್ಟದ ಮೇಲೆ ಮಕ್ಕಳನ್ನು ಓಡಾಡಲು ಬಿಡುತ್ತಿರಲಿಲ್ಲ.

ಅಡುಗೆಯ ವಿಷಯ. ಆಲಪ್ಪುಳದಲ್ಲಿ ಸಸ್ಯಾಹಾರವೆಂದು ಮೂರು ಸಲ ಹೇಳಿದ್ದರೂ ಅಡುಗೆಯವರು ತಮ್ಮ ಊಟಕ್ಕೆ ಕರಿಮೀನು ಹುರಿದ ಬಾಣಲೆಯಲ್ಲೇ ನಮ್ಮ ಹಪ್ಪಳ ಕರಿದರು. ಅತ್ತೆ ಎರಡು ಹೊತ್ತೂ ಅನ್ನ, ಮೊಸರು ಮತ್ತು ಮನೆಯಿಂದ ಒಯ್ದಿದ್ದ ಮಿಡಿ ಉಪ್ಪಿನಕಾಯಿಯಲ್ಲಿ ತೃಪ್ತಿಪಟ್ಟರು. ನೀಲೇಶ್ವರದಲ್ಲಿ ಮಲಯಾಳದಲ್ಲಿ ಮಾತಾಡಿ, ನಮ್ಮದೇ ಬಾಣಲೆ ಮತ್ತು ಒಂದು ಪಾತ್ರೆ ತರುತ್ತೇವೆಂದಾಗ ಅವರು ಬೇಸರಪಡಲಿಲ್ಲ. ಅಡುಗೆಯ ಅಣ್ಣ ಅವೆರಡನ್ನೂ ತೊಳೆದು, ಬೇರೆಯದರ ಜತೆ ಬೆರೆಯದಂತೆ ಹಿಡಿಗೆ ಬಾಳೆನಾರು ಕಟ್ಟಿ ಮೂಲೆಯಲ್ಲಿ ಕವುಚಿ ಇಟ್ಟರು. ಮಾಡಿದ ಓಲನ್ ಅತ್ತೆಗೆ ಎಷ್ಟು ಹಿಡಿಸಿತೆಂದರೆ, ಎಳೆಯ ಕುಂಬಳಕಾಯಿಗೆ ತೆಂಗಿನ ಹಾಲನ್ನು ಯಾವಾಗ ಸೇರಿಸಿದಿರೆಂದು ಅಡುಗೆಕೋಣೆಯ ಬಾಗಿಲಲ್ಲೇ ನಿಂತು ವಿಚಾರಿಸಿದರು.

ವಲಿಯಪರಂಬದಲ್ಲಿ ದೋಷಗಳಿಲ್ಲವೆಂದಲ್ಲ. ದೋಣಿಗಳು ಕಡಿಮೆ, ಆದ್ದರಿಂದ ರಜೆಯಲ್ಲಿ ದಿನ ಸಿಗುವುದು ಕಷ್ಟ. ಸೊಳ್ಳೆ ಧಾರಾಳ. ಕಾಯಲು ಅಳಿವೆಯಲ್ಲಿ ಸಮುದ್ರಕ್ಕೆ ತೆರೆದಿರುವುದರಿಂದ ಭರತ ಇಳಿತದ ಲೆಕ್ಕ ತಪ್ಪಿದರೆ ದೋಣಿ ಮರಳಿಗೆ ಕಚ್ಚುತ್ತದೆ. ನಮ್ಮದು ಬೆಳಗ್ಗೆ ಅರ್ಧ ಗಂಟೆ ಹಾಗೆಯೇ ನಿಂತು, ಯಜಮಾನರು ಗಡಿಯಾರ ನೋಡುತ್ತಾ ನಿಂತರೆ ಮಕ್ಕಳಿಗೆ ಅದೇ ಒಂದು ಗಮ್ಮತ್ತಾಯಿತು. ನೋಟದ ವೈಭವದಲ್ಲಿ ವೇಂಬನಾಡಿಗೆ ಇದು ಸಾಟಿಯಲ್ಲ. ಮೂರು ಗಂಟೆಯ ಬಿಸಿಲಿನಲ್ಲಿ ಆ ಅಗಾಧ ನೀರಿನ ನಡುವೆ ದೋಣಿ ಹೊರಬಂದಾಗ ಮಗಳು ಮಾತು ನಿಲ್ಲಿಸಿ ನೋಡಿದ್ದು ನನಗೆ ನೆನಪಿದೆ. ಇವತ್ತಿಗೂ ಅವಳ ಮತ ಆಲಪ್ಪುಳಕ್ಕೇ.

ಜೀವರಕ್ಷಕ ಜಾಕೆಟಿನ ಬಗ್ಗೆ ಎರಡು ಕಡೆಯವರಿಗೂ ನಾನು ಪೂರ್ತಿ ಅಂಕ ಕೊಡಲಾರೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅಷ್ಟಾದರೂ ಆಲಪ್ಪುಳದಲ್ಲಿ ನಮಗೆ ಕೊಟ್ಟವೆಲ್ಲ ದೊಡ್ಡವರ ಅಳತೆಯವು. ಮಗನಿಗೆ ತೊಡಿಸಿದರೆ ಕುತ್ತಿಗೆಯಿಂದ ಮೇಲಕ್ಕೆ ಜಾರುತ್ತಿತ್ತು. ನೀಲೇಶ್ವರದಲ್ಲಿ ಮಕ್ಕಳ ಅಳತೆಯದು ಒಂದಿತ್ತು, ಬೇಕಾದದ್ದು ಎರಡು.

ಇವೆರಡರ ನಡುವೆ ಮೂರನೆಯದೊಂದು ನಾವು ಯೋಜಿಸದೆಯೇ ಸಿಕ್ಕಿತು. ಆಲಪ್ಪುಳದಲ್ಲಿ ಮರುದಿನ ರಾತ್ರಿಯ ಮಾವೇಲಿ ಎಕ್ಸ್‌ಪ್ರೆಸ್ಸಿಗೆ ಇನ್ನೂ ಇಡೀ ಹಗಲು ಬಾಕಿಯಿದ್ದುದರಿಂದ, ಬಸ್‌ಸ್ಟ್ಯಾಂಡಿನ ಹತ್ತಿರದ ಜೆಟ್ಟಿಯಲ್ಲಿ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಮಾಮೂಲಿ ಪ್ರಯಾಣಿಕರ ದೋಣಿ ಹತ್ತಿ ನೆಡುಮುಡಿಗೆ ಹೋಗಿ ಬಂದೆವು. ಒಬ್ಬರ ಟಿಕೇಟಿಗೆ ಒಂದು ಚಹಾ ತಿಂಡಿಯ ದುಡ್ಡು. ಹಾಲಿನ ಕ್ಯಾನು, ಮೀನಿನ ಬುಟ್ಟಿ, ಟ್ಯೂಷನ್ನಿಗೆ ಹೊರಟ ಮಕ್ಕಳು. ಒಂದೊಂದು ಕಡವಿಗೂ ಹತ್ತುವವರು, ಇಳಿಯುವವರು. ಚುಕ್ಕಾಣಿ ಹಿಡಿದವರು ಗಂಟೆಯ ಹಗ್ಗ ಎಳೆದರೆ ಎಂಜಿನಿನ ಚಾಲಕನಿಗೆ ಸೂಚನೆ ಎಂದು ತಿಳಿದ ಮಗ, ಅವರ ಪಕ್ಕದಲ್ಲೇ ನಿಂತು ಒಂದು ಗಂಟೆ ಅಳದೆ ಕಳೆದ. ಹಿಂದಿನ ದಿನ ಹೌಸ್‌ಬೋಟು ನಮ್ಮನ್ನು ಸುತ್ತಿಸಿದ್ದ ನೀರಿನ ಬಹುಭಾಗವನ್ನು ಈ ದೋಣಿಯೂ ಹಾಯ್ದಿತೆಂಬುದು ಯಜಮಾನರಿಗೆ ಅರಿವಾದಾಗ ಅವರ ಮುಖ ನೋಡುವಂತಿತ್ತು. ಆಲಪ್ಪುಳಕ್ಕೇ ಹೋಗಬೇಕೆನ್ನುವ ನಮ್ಮ ಕಡೆಯವರಿಗೆ, ನೆಲದ ಮೇಲೆ ಒಂದು ಕೋಣೆ ಹಿಡಿದು ಈ ದೋಣಿಯಲ್ಲಿ ಓಡಾಡಿ ಎಂದೇ ನಾನು ಹೇಳುವುದು.

ಖರ್ಚಿನ ಲೆಕ್ಕವೂ ನೀಲೇಶ್ವರದ ಪರವಾಗಿದೆ. ಆಲಪ್ಪುಳದಲ್ಲಿ ಎರಡು ಕೋಣೆಯ ದೋಣಿಗೆ ಊಟ ಸೇರಿ 16,500 ರೂಪಾಯಿ ಕೊಟ್ಟೆವು, ಐದು ಜನರ ರೈಲು, ಆಟೋ, ಹಗಲು ಸಾಮಾನು ಇಟ್ಟ ಕೋಣೆ ಸೇರಿ 28,000 ದಾಟಿತು. ನೀಲೇಶ್ವರದಲ್ಲಿ ದೋಣಿಗೆ 14,000. ಹೊಸದುರ್ಗ ದಾಟಿದರೆ ನೀಲೇಶ್ವರ. ನಮ್ಮದೇ ಕಾರು, ಹೆದ್ದಾರಿ ಕೆಲಸದ ಧೂಳು ತಿಂದರೂ ಹನ್ನೊಂದೂವರೆಗೇ ಜೆಟ್ಟಿಯಲ್ಲಿದ್ದೆವು, ಹನ್ನೆರಡಕ್ಕೆ ಸರಿಯಾಗಿ ದೋಣಿ ಬಿಟ್ಟಿತು. ಹಿಂತಿರುಗುವಾಗ ಇಡಯಿಲೆಕಾಡಿನ ಕಾವಿನಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಡುವಷ್ಟು ಸಮಯವೂ ಉಳಿಯಿತು.

ಬರುವ ಡಿಸೆಂಬರಿಗೆ ಅದೇ ದೋಣಿಗೆ 3,000 ರೂಪಾಯಿ ಮುಂಗಡ ಕಳಿಸಿದ್ದೇನೆ. ಉಳಿದದ್ದನ್ನು ಕೊಡುವ ಮೊದಲು ಮಕ್ಕಳ ಅಳತೆಯ ಎರಡನೆಯ ಜಾಕೆಟಿನ ಫೋಟೋ ಬೇಕೆಂದು ದೋಣಿಯವರಿಗೆ ಹೇಳಿದ್ದೆ. ನಿನ್ನೆ ಸಂಜೆ ವಾಟ್ಸಾಪಿನಲ್ಲಿ ಬಂತು: ಕಿತ್ತಳೆ ಬಣ್ಣದ ಹೊಸ ಜಾಕೆಟ್, ಅದನ್ನು ತೊಟ್ಟು ನಿಂತ ಅವರ ಮೊಮ್ಮಗ.