ಬನಶಂಕರಿಯಿಂದ ಎಂ.ಜಿ. ರೋಡಿಗೆ: ಮೂರು ಸೈಕಲ್ ತುಳಿದು ನೋಡಿದೆ

ಆಫೀಸಿಗೆ ಸೈಕಲ್ಲಲ್ಲಿ ಹೋಗಬೇಕು, ಯಾವುದು ತಗೊಳ್ಳಲಿ ಅಂತ ಕೇಳುವವರು ಗೇರ್ ಎಷ್ಟು, ತೂಕ ಎಷ್ಟು ಅಂತಲೇ ಶುರು ಮಾಡುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಬೆಂಗಳೂರಿನ ಬನಶಂಕರಿಯ ನನ್ನ ಮನೆಯಿಂದ ಎಂ.ಜಿ. ರೋಡಿನ ಆಫೀಸಿಗೆ ಸುಮಾರು 9 ಕಿ.ಮೀ. ಒಂದು ಬೇಸಿಗೆ, ಒಂದು ಮಳೆಗಾಲ ಮೂರು ಥರದ ಸೈಕಲ್ ತುಳಿದ ಮೇಲೆ ನನ್ನ ಲೆಕ್ಕವೇ ಬೇರೆಯಾಯಿತು. ಈ ಸೈಕಲ್ ಹತ್ತಿದಾಗ ನಡೆದು ಹೋಗುವವರ ಜೊತೆ, ಬಸ್ ಇಳಿಯುವವರ ಜೊತೆ ನಾನು ಸರಿಯಾಗಿ ನಡೆದುಕೊಳ್ಳೋಕೆ ಆಗುತ್ತಾ? ಈಗ ಮೊದಲು ನೋಡುವುದು ಅದನ್ನೇ.

ಮೊದಲು ತುಳಿದದ್ದು ಅಪ್ಪನ ಹಳೇ ಕಪ್ಪು ಸೈಕಲ್. 28 ಇಂಚಿನ ಚಕ್ರ, ಗೇರ್ ಇಲ್ಲ, ಹೆಚ್ಚುಕಮ್ಮಿ 20 ಕೆ.ಜಿ. ತೂಕ. ಆಫೀಸು ಮುಟ್ಟೋಕೆ 45 ನಿಮಿಷ. ನಿಧಾನ, ನಿಜ. ಆದರೆ ಮರ್ಯಾದೆಯಾಗಿ ಓಡಿಸೋಕೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಉದ್ದದ ಮಡ್‌ಗಾರ್ಡ್ ಇರುವುದರಿಂದ ಹಿಂದೆ ಬರುವವರ ಮುಖಕ್ಕೆ ಕೆಸರು ಹಾರುವುದಿಲ್ಲ. ಸ್ಟ್ಯಾಂಡ್ ಇದೆ, ಯಾರದೋ ಅಂಗಡಿ ಶಟರ್‌ಗೆ ಒರಗಿಸಬೇಕಾಗಿಲ್ಲ. ಬೆನ್ನು ನೆಟ್ಟಗೆ ಇಟ್ಟು ಕೂರುವುದರಿಂದ ಕತ್ತು ತಿರುಗಿಸಿ ಹಿಂದೆ ನೋಡೋದು ಸಲೀಸು.

ಇನ್ನು ಅದರ ಬೆಲ್. ಗಾಂಧಿ ಬಜಾರಿನ ಹತ್ತಿರ ಒಂದು ಬೆಳಗ್ಗೆ ಅಜ್ಜಿಯೊಬ್ಬರು ಸೊಪ್ಪಿನ ಚೀಲ ಹಿಡಿದು ರಸ್ತೆ ಅಂಚಲ್ಲಿ ಹೋಗುತ್ತಿದ್ದರು. ಇಪ್ಪತ್ತು ಅಡಿ ದೂರದಿಂದಲೇ ಒಂದು ಸಲ ಟ್ರಿಣ್ ಟ್ರಿಣ್ ಅಂದೆ. ಅವರು ತಿರುಗಿಯೂ ನೋಡಲಿಲ್ಲ. ಚೀಲವನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು, ಅಷ್ಟೇ. ಆ ಸದ್ದು ಅವರಿಗೆ ಹಳೇ ಪರಿಚಯ. ಸೈಕಲ್ ಬರ್ತಿದೆ, ಗಾಬರಿ ಬೇಡ ಅಂತ ಕಿವಿಗೇ ಗೊತ್ತು.

ಈ ಸೈಕಲ್ ಸೋಲುವುದು ಮಳೆಯಲ್ಲಿ. ಕಂಬಿ ಎಳೆದು ಚಕ್ರದ ರಿಮ್ಮಿಗೆ ಒತ್ತುವ ಬ್ರೇಕು, ರಿಮ್ ಒದ್ದೆಯಾದರೆ ಹಿಡಿಯುವುದೇ ಇಲ್ಲ. ಜೂನ್ ತಿಂಗಳ ಒಂದು ಸಂಜೆ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್‌ನಲ್ಲಿ ಎರಡೂ ಬ್ರೇಕ್ ಒತ್ತಿ ಹಿಡಿದರೂ ಜೀಬ್ರಾ ಪಟ್ಟೆ ದಾಟಿ ಹೋಗಿ ನಿಂತೆ. ರಸ್ತೆ ದಾಟುತ್ತಿದ್ದವರು ನನ್ನನ್ನು ಬಳಸಿಕೊಂಡು ಹೋಗಬೇಕಾಯಿತು. ಅವತ್ತೇ ಮಳೆಗಾಲಕ್ಕೆ ಇದು ಬೇಡ ಅಂತ ತೀರ್ಮಾನ ಮಾಡಿದೆ.

ಆಮೇಲೆ ಬಂದದ್ದು ಗೇರ್ ಇರುವ ಹೈಬ್ರಿಡ್, ಅಂದರೆ ರೋಡ್ ಸೈಕಲ್ಲಿಗೂ ಮೌಂಟನ್ ಸೈಕಲ್ಲಿಗೂ ನಡುವಿನ ಥರದ್ದು. ಡಿಸ್ಕ್ ಬ್ರೇಕು, ಹಗುರ, 35 ನಿಮಿಷಕ್ಕೆ ಆಫೀಸು. ಎರಡು ಬೆರಳಲ್ಲಿ ಒತ್ತಿದರೂ ನಿಲ್ಲುತ್ತೆ. ಹಾಗಾಗಿ ಕೈ ತೋರಿಸಿ ತಿರುಗೋಕೆ ಧೈರ್ಯ ಬಂತು. ನನ್ನ ಸೈಕಲ್ಲಲ್ಲಿ ಬಲಗೈದು ಮುಂದಿನ ಬ್ರೇಕು, ಎಡಗೈದು ಹಿಂದಿನದು. ಬಲಕ್ಕೆ ಕೈ ತೋರಿಸುವಾಗ ಹಿಂದಿನ ಬ್ರೇಕ್ ಎಡಗೈಯಲ್ಲೇ ಇರುತ್ತೆ, ತೊಂದರೆ ಇಲ್ಲ. ಎಡಕ್ಕೆ ತೋರಿಸುವಾಗ ಮಾತ್ರ ಮೊದಲೇ ನಿಧಾನ ಮಾಡಿಕೊಳ್ಳಬೇಕು. ಒಂದೇ ಕೈಯಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಮುಗ್ಗರಿಸೋದು ಗ್ಯಾರಂಟಿ.

ಆದರೆ ವೇಗ ಸಿಕ್ಕಿದ ಕೂಡಲೇ ನನ್ನ ನಡತೆ ಕೆಟ್ಟಿತು. ಇದನ್ನು ಹೇಳಲೇಬೇಕು. ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಬಸ್ಸು ಸ್ಟಾಪಿಗೆ ಬಂದು ನಿಂತಿತ್ತು. ಬಸ್ಸಿಗೂ ಫುಟ್‌ಪಾತ್‌ಗೂ ನಡುವೆ ನಾಲ್ಕಡಿ ಜಾಗ. ನುಗ್ಗಿದೆ. ಬಾಗಿಲಿಂದ ಸ್ಕೂಲ್ ಬ್ಯಾಗ್ ಹಾಕಿಕೊಂಡ ಹುಡುಗಿಯೊಬ್ಬಳು ಕೆಳಗಿಳಿದಳು. ಹ್ಯಾಂಡಲ್ ಅವಳ ಮೊಣಕೈಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಮುಂದೆ ಹೋಗಿ ನಿಲ್ಲಿಸಿದಾಗ ನನ್ನ ಕಾಲು ನಡುಗುತ್ತಿತ್ತು. ಅವತ್ತಿನಿಂದ ಬಸ್ಸಿನ ಎಡಗಡೆ ನುಗ್ಗಿಲ್ಲ. ಹಿಂದೆ ನಿಂತು ಕಾಯುತ್ತೇನೆ. ಜಾಸ್ತಿ ಅಂದರೆ ಅರ್ಧ ನಿಮಿಷ.

ಇದರ ಜೊತೆ ಬಂದ ಪುಟ್ಟ ಬೆಲ್ಲೂ ಸಾಲದು. ಟಿಂಗ್ ಅನ್ನುತ್ತೆ, ಟ್ರಾಫಿಕ್‌ನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಕೇಳಿಸಲಿ ಅಂತ ತೀರಾ ಹತ್ತಿರ ಹೋಗಿ ಹೊಡೆದರೆ ಒಬ್ಬರು ಬೆಚ್ಚಿ ನನ್ನ ದಾರಿಗೇ ಹಾರಿದರು. "ಸ್ವಲ್ಪ ಮೊದಲೇ ಹೊಡೀಬಾರದಾ ಅಪ್ಪಾ?" ಅಂದರು. ಅವರು ಹೇಳಿದ್ದು ಸರಿ. ಮರುದಿನವೇ ಹಳೇ ಸೈಕಲ್ಲಲ್ಲಿ ಇರುವಂಥದ್ದೇ ತಟ್ಟೆ ಬೆಲ್ ಹಾಕಿಸಿದೆ. ಜೊತೆಗೆ ಮಡ್‌ಗಾರ್ಡ್, ಸ್ಟ್ಯಾಂಡ್, ಹಿಂದೆ ಕೆಂಪು ಲೈಟು. ಮುಂದಿನ ಲೈಟನ್ನು ನೆಲಕ್ಕೆ ಬಗ್ಗಿಸಿ ಕಟ್ಟಿದ್ದೇನೆ, ಎದುರಿನವರ ಕಣ್ಣಿಗೆ ಹೊಡೆಯಬಾರದು ಅಲ್ವಾ. ಎಲ್ಲಾ ಸೇರಿ 2,000 ರೂಪಾಯಿ ದಾಟಲಿಲ್ಲ.

ಕೊಳ್ಳುವ ಮೊದಲು ಟ್ಯೂಬಿನ ವಾಲ್ವ್ ನೋಡಿ. ಮೋಟಾರ್ ಬೈಕಿಗೆ ಇರುವಂಥ ದಪ್ಪ ವಾಲ್ವ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಿಡಿಸಬಹುದು. ಸಣ್ಣ ಕಡ್ಡಿಯಂಥ ಪ್ರೆಸ್ಟಾ ವಾಲ್ವ್ ಆದರೆ ಅಂಗಡಿಯ ಪಂಪಿಗೆ ಹೊಂದಿಸುವ ಅಡಾಪ್ಟರ್ ಜೇಬಲ್ಲೇ ಇರಬೇಕು.

ಮೂರನೆಯದು ಗೆಳೆಯನಿಂದ ಒಂದು ತಿಂಗಳಿಗೆ ತಂದ ಮಡಚುವ ಸೈಕಲ್, 20 ಇಂಚಿನ ಚಕ್ರದ್ದು. 2022ರ ಜೂನ್‌ನಿಂದ ನಮ್ಮ ಮೆಟ್ರೋದಲ್ಲಿ ಇಂಥದ್ದಕ್ಕೆ ಅವಕಾಶ ಇದೆ. ಮನೆಯಿಂದ ಬನಶಂಕರಿ ಸ್ಟೇಷನ್, ಹಸಿರು ಲೈನಲ್ಲಿ ಮೆಜೆಸ್ಟಿಕ್, ಅಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಎಂ.ಜಿ. ರೋಡ್. ಒಟ್ಟು 50 ನಿಮಿಷ. ಮಳೆ ದಿನ ಇದರಷ್ಟು ನೆಮ್ಮದಿ ಬೇರೆ ಇಲ್ಲ. ಕಷ್ಟ ಇರುವುದು ಬೆಳಗಿನ ಒಂಬತ್ತೂವರೆಗೆ, ಮೆಜೆಸ್ಟಿಕ್ಕಿನಲ್ಲಿ. ಆ ಜನಸಾಗರದಲ್ಲಿ ಹದಿಮೂರು ಕೆ.ಜಿ. ಕೈಯಲ್ಲಿ ಹಿಡಿದರೆ ಪೆಡಲ್ ಯಾರ ಮೊಣಕಾಲಿಗಾದರೂ ತಾಗುತ್ತೆ. ಅದಕ್ಕೆ ಚೈನ್ ಇರುವ ಕಡೆ ನನ್ನ ಕಾಲಿಗೆ ಬರುವ ಹಾಗೆ ಹಿಡಿಯುತ್ತಿದ್ದೆ. ಗ್ರೀಸ್ ಆದರೆ ನನ್ನ ಪ್ಯಾಂಟಿಗೇ ಆಗಲಿ. ತೀರಾ ರಷ್ ಇದ್ದರೆ ಒಂದು ರೈಲು ಬಿಟ್ಟು ಮುಂದಿನದಕ್ಕೆ ಹತ್ತುತ್ತಿದ್ದೆ. ರಸ್ತೆಯಲ್ಲಿ ಮಾತ್ರ ಸಣ್ಣ ಚಕ್ರ ನಮ್ಮ ಗುಂಡಿಗಳಿಗೆ ಹೊಂದುವುದಿಲ್ಲ. ಪ್ರತಿ ಗುಂಡಿಗೂ ಬಲಕ್ಕೆ ಸರಿಯಬೇಕು, ಹಿಂದಿನವರಿಗೆ ನಾವು ಎತ್ತ ತಿರುಗುತ್ತೇವೆ ಅಂತ ಗೊತ್ತೇ ಆಗಲ್ಲ.

ನಾನು ಉಳಿಸಿಕೊಂಡದ್ದು ಹೈಬ್ರಿಡ್. ಸ್ಟೇಷನ್ ಮನೆಗೂ ಆಫೀಸಿಗೂ ದೂರ ಇರುವವರಿಗೆ, ಅದರಲ್ಲೂ ರಷ್ ಇಲ್ಲದ ಹೊತ್ತಲ್ಲಿ ಓಡಾಡುವವರಿಗೆ ಮಡಚುವುದೇ ಒಳ್ಳೆಯದು. ಅಪ್ಪನ ಸೈಕಲ್ ಈಗಲೂ ಭಾನುವಾರದ ತರಕಾರಿಗೆ ಹೋಗುತ್ತೆ. ಮಳೆ ಇಲ್ಲದಿದ್ದರೆ ಮಾತ್ರ.